ಚಪ್ಪಲಿ ನೋಡಿ ಓಡಿಹೋದ ಷಡಕ್ಷರಿ ಮೇಷ್ಟ್ರಿಗೆ

ಅರಸೀಕೆರೆ
ಫೆಬ್ರವರಿ 30, 2231

ಪೂಜ್ಯ ತಾತನವರಿಗೆ, ನಿಮ್ಮ ಎಂಟನೆಯ ತಲೆಮಾರಿನ ಇಂಚರಾಂಬೆಯ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಎಸೆಯಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಡೈರಿಗಳನ್ನು ಓದಿ ಕಲಿತದ್ದು. ಇದು ಹಿಂದಂಚೆಯ ಕಾಗದ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಓರಗಿತ್ತಿ ತನ್ನದನ್ನು ಮುತ್ತಜ್ಜಿಗೆ ಉಪ್ಪಿನಕಾಯಿಯ ಅಳತೆ ಬರೆದಿಡಿ ಎಂದು ಹೇಳುವುದಕ್ಕೆ ಬಳಸಿದಳು. ನಾನು ನಿಮಗೆ ಬೈಯುವುದಕ್ಕೆ ಬಳಸುತ್ತಿದ್ದೇನೆ. ದೊಡ್ಡವರಿಗೆ ಬೈಯಬಾರದು, ಗೊತ್ತು. ಆದರೆ ನೀವು ಸಾಯುವುದು ನನಗೆ ಇಷ್ಟವಿಲ್ಲ, ಸಾಯುವ ಕಾರಣವಂತೂ ಸ್ವಲ್ಪವೂ ಇಷ್ಟವಿಲ್ಲ.

ಮೊದಲು ನನ್ನ ವಿಷಯ. ನಾನೂ ಆರು ವರ್ಷ ಕುಡಿದೆ. ಈಗ ಎಲ್ಲರ ಮಣಿಕಟ್ಟಿನೊಳಗೆ ಒಳನಾಡಿ ಎಂಬ ಕಡಲೆಕಾಳಿನಷ್ಟು ಯಂತ್ರವಿರುತ್ತದೆ. ರಕ್ತದಲ್ಲಿ ಏನಿದೆಯೆಂದು ಅದು ಹೇಳುತ್ತದೆ, ಯಾಕಿದೆಯೆಂದು ಕೇಳುವುದಿಲ್ಲ. ಬಿಡಬೇಕೆನಿಸಿದಾಗ ಊರುಕಿವಿಯ ಮುಂದೆ ಹೋಗಿ ನಿಂತೆ. ಬೀದಿಬೀದಿಯ ಕಂಬದಲ್ಲಿ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಹಾಜ್ಞಾನಿ ಅದು. ಕುಡಿತ ಬಿಟ್ಟವರು ಸೇರುವ ಸಭೆ ಎಲ್ಲಿದೆ ಅಂದರೆ ನಲವತ್ತೊಂದು ವಿಳಾಸ ಒದರಿತು. ಮೊದಲನೆಯ ಕಡೆ ನಾಮಕರಣ ನಡೆಯುತ್ತಿತ್ತು, ಊಟ ಮಾಡಿಸದೆ ಬಿಡಲಿಲ್ಲ. ಎರಡನೆಯ ಕಡೆ ಸಭೆ ನಿಂತು ಹನ್ನೊಂದು ವರ್ಷವಾಗಿತ್ತು. ಮೂರನೆಯದು ಹೆಂಡದಂಗಡಿ! ಕಂಬಕ್ಕೆ ಒದೆಯೋಣ ಅನ್ನಿಸಿತು. ಕೊನೆಗೆ ದಾರಿ ತೋರಿಸಿದವಳು ಸಂತೆಪೇಟೆಯಲ್ಲಿ ಚುರುಮುರಿ ಕಲಸುವ ಹೆಂಗಸು. "ಕುಡ್ತ ಬಿಟ್ಟೋರ್ ಮೀಟಿಂಗಾ? ಇಸ್ಕೂಲ್ ಹಿಂದ್ಗಡೆ ರೂಮ್ಗೆ ಹೋಗವ್ವ, ಗುರುವಾರ ಆರೂವರೆಗೆ. ನಮ್ಮನೆಯೋರೂ ಅಲ್ಲೇ ಇರ್ತಾರೆ, ಕಾಫಿ ಕಾಸೋದೇ ಅವ್ರು," ಅಂದಳು. ಎಷ್ಟು ಸಲೀಸಾಗಿ! ಇನ್ನೂರು ವರ್ಷದ ವಿಜ್ಞಾನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬಾಗಿಲಲ್ಲಿ ಚಪ್ಪಲಿ ಬಿಚ್ಚಲೋ ಬೇಡವೋ ಎಂದು ನಾನೂ ಹಿಂದೆಮುಂದೆ ನೋಡಿದೆ. ಆದರೂ ಹೋದೆ. ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ.

ಈಗ ನಿಮ್ಮ ವಿಷಯ. ನಿಮ್ಮ ಲೆಕ್ಕದಲ್ಲಿ ಹೋದ ಗುರುವಾರ ನೀವೂ ಇದೇ ಜಾಗದ ಬಾಗಿಲ ತನಕ ಹೋದಿರಿ. ಅಜ್ಜಿಗೆ ಮಾತು ಕೊಟ್ಟು, ಮೂರು ವಾರ ವಿಳಾಸ ಹುಡುಕಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೋದಿರಿ. ಹೊರಗೆ ಬಿಟ್ಟಿದ್ದ ಚಪ್ಪಲಿಗಳಲ್ಲಿ ಒಂದು ಜೊತೆ ನಿಮ್ಮ ಬೀಗರು ಉಜ್ಜನಪ್ಪನವರದು. ಡ್ರಾಯಿಂಗ್ ಮೇಷ್ಟ್ರ ಕಣ್ಣು, ತಪ್ಪುವುದುಂಟೇ? ಮನೆಗೆ ಓಡಿಬಂದು ಡೈರಿಯಲ್ಲಿ ಆ ಚಪ್ಪಲಿಯ ಚಿತ್ರವನ್ನೇ ಬರೆದಿದ್ದೀರಿ, ಎಡ ಹಿಮ್ಮಡಿ ಸವೆದದ್ದೂ ಸೇರಿ. ಅದರ ಕೆಳಗೆ, "ಬೀಗರು ಮುಖ್ಯ ಅತಿಥಿಯಾಗಿ ಬಂದಿದ್ದಾರೆ. ಒಳಗೆ ಹೋಗಿದ್ದರೆ ಮಗಳ ಮಾನ ಹೋಗುತ್ತಿತ್ತು." ಅಯ್ಯೋ ತಾತ! ಬೀಗರು ಊರಿನ ಸಮಾರಂಭಗಳಲ್ಲೆಲ್ಲ ಶಾಲು ಹೊದಿಸಿಕೊಳ್ಳುವವರು, ಒಪ್ಪಿದೆ. ಆದರೆ ಕುಡಿತ ಬಿಡುವವರ ಸಭೆಗೆ ಎಂಥ ಮುಖ್ಯ ಅತಿಥಿ? ನೀವು ಯಾಕೆ ಹೋಗಿದ್ದಿರೋ ಅವರೂ ಅದಕ್ಕೇ ಬಂದಿರಬಹುದೆಂದು ಒಂದು ಕ್ಷಣವೂ ಹೊಳೆಯಲಿಲ್ಲವೇ?

ನಿಮ್ಮ ಮಗಳು ಅವರ ಸೊಸೆಯಾದ್ದರಿಂದ ಎರಡೂ ಮನೆಯ ಕಾಗದಗಳು ನನ್ನ ಪೆಟ್ಟಿಗೆಗೇ ಬಂದು ಸೇರಿವೆ. ಬೀಗರ ಡೈರಿಯೂ ಇದೆ. ಅವರು ಕುಡಿತ ಬಿಟ್ಟು ಆಗಲೇ ಎರಡು ವರ್ಷ. ಅವತ್ತು ಕಿಟಕಿಯಿಂದ ನಿಮ್ಮ ಬೆನ್ನು ಅವರಿಗೆ ಕಂಡಿತ್ತು. ಹೆಣ್ಣು ಕೊಟ್ಟವರು, ಮುಜುಗರಪಟ್ಟಾರು ಎಂದು ಸುಮ್ಮನಾದರು. ಮುಂದೆ ಯುಗಾದಿಗೆ, ಮೊಮ್ಮಗುವಿನ ತೊಟ್ಟಿಲಿಗೆ ನೀವಿಬ್ಬರೂ ಎದುರೆದುರು ಕೂತು ಹೋಳಿಗೆ ತಿನ್ನುತ್ತೀರಿ. "ಆರೋಗ್ಯನಾ ಬೀಗ್ರೇ?" "ಶಿವನ ದಯೆ, ಚೆನ್ನಾಗಿದೀನಿ." ಇದಿಷ್ಟೇ ಮಾತು. ಮರ್ಯಾದೆಯಂತೆ ಮರ್ಯಾದೆ! ಓದುವಾಗ ತಲೆ ತಲೆ ಚಚ್ಚಿಕೊಂಡೆ, ಆಮೇಲೆ ಅತ್ತೆ. ಇನ್ನು ಹದಿನಾಲ್ಕು ತಿಂಗಳಿಗೆ ನಿಮ್ಮ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಐವತ್ತೆರಡು ಸಾಯುವ ವಯಸ್ಸೇ? ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ಬೀಗರು ಡೈರಿಯಲ್ಲಿ ಬರೆದದ್ದು ಒಂದೇ ಮಾತು: "ಕೂಗಬೇಕಾಗಿತ್ತು."

ಕಾಗದ ನಿಮಗೆ ಬುಧವಾರ ಸಿಗುವಂತೆ ಹಾಕಿದ್ದೇನೆ. ನಾಳೆ ಮತ್ತೆ ಗುರುವಾರ. ನಡೆದದ್ದು ಇದರಿಂದ ಬದಲಾಗುತ್ತದೋ ಇಲ್ಲವೋ, ಹಿಂದಂಚೆಯವರಿಗೂ ತಿಳಿಯದು, ಕೇಳಿದರೆ ಅರ್ಜಿ ಕೊಡಿ ಅನ್ನುತ್ತಾರೆ. ನಾನು ಹುಟ್ಟುವುದಿಲ್ಲವೇನೋ ಎಂಬ ಯೋಚನೆ ನಿಮಗೆ ಬೇಡ, ಮಗಳ ಮದುವೆ ಆಗಿಯೇ ಹೋಗಿದೆ. ಸಭೆಯಲ್ಲಿ ಕೂರಿಸುವುದು ಮೂರನೇ ತರಗತಿಯ ಬೆಂಚಿನ ಮೇಲೆ, ಮಂಡಿ ಗಲ್ಲಕ್ಕೆ ತಾಗುತ್ತದೆ, ಸಹಿಸಿಕೊಳ್ಳಿ. ಮಾತಾಡಲೇಬೇಕೆಂದಿಲ್ಲ. ಸುಮ್ಮನೆ ಕೂತರೂ ಕಾಫಿ ಕೊಡುತ್ತಾರೆ.

ಬೀಗರು ನಾಳೆಯೂ ಕರೆಯುವುದಿಲ್ಲ, ಅವರಿಂದ ಅದು ಆಗುವುದಿಲ್ಲ. ಅದಕ್ಕೇ ನನಗಿರುವ ಒಂದೇ ಕಾಗದದಲ್ಲಿ ನಾನು ಕೂಗುತ್ತಿದ್ದೇನೆ: ಷಡಕ್ಷರಿ ಮೇಷ್ಟ್ರೇ, ಹಿಂದಿರುಗಬೇಡಿ. ಒಳಗೆ ಬನ್ನಿ.

ಬೈದದ್ದಕ್ಕೆ ಕ್ಷಮೆ ಕೇಳದ ನಿಮ್ಮ ಮೊಮ್ಮಗಳು,
ಇಂಚರಾಂಬೆ