ಕರೆದ ಕೂಡಲೇ ತಿರುಗುತ್ತಾಳೆ

ಬುಧವಾರ, ಸಂಜೆ ಐದೂವರೆ
ಶಿಶುವಿಹಾರದ ಆಟದ ಕೋಣೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮಾಡುವ ಕೋಪಪೂರ್ವಕ ನಮಸ್ಕಾರಗಳು. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮವನ್ನು ಆಮೇಲೆ ವಿಚಾರಿಸುತ್ತೇನೆ, ಸದ್ಯಕ್ಕೆ ಓದಿಕೋ. ಮಕ್ಕಳೆಲ್ಲ ಮನೆಗೆ ಹೋಗಿದ್ದಾರೆ. ನಾಲ್ಕು ವರ್ಷದವರಿಗೆಂದು ಮಾಡಿಸಿದ ಕುರ್ಚಿಯಲ್ಲಿ ಕೂತು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಬರೆಯುತ್ತಿದ್ದೇನೆ. ಈ ಭಂಗಿಯಲ್ಲಿ ಎಂಥ ಸಾಧುವಿಗೂ ಸಿಟ್ಟು ಬಂದೀತು. ಆದರೆ ನನ್ನ ಸಿಟ್ಟಿಗೆ ಕುರ್ಚಿ ಕಾರಣವಲ್ಲ.

ನಿನ್ನೆ ಫೋನಿನಲ್ಲಿ ನೀನು, "ಅಲ್ಲ ಕಣೇ, ದೊಡ್ಡ ಮೇಡಂ ಜೊತೆ ಜಗಳ ಆಡಿದ್ಯಂತೆ, ತಲೆಗಿಲೆ ಕೆಟ್ಟಿದ್ಯಾ?" ಅಂತ ಕೇಳಿದೆ. ಕೆಟ್ಟಿದೆ. ಇಪ್ಪತ್ತೆರಡು ವರ್ಷ ಪುಟ್ಟ ಮಕ್ಕಳ ಮೂಗು ಒರೆಸಿದವಳು ನೀನು. ಪೂರ್ತಿ ಕೇಳಿ ತೀರ್ಪನ್ನೂ ನೀನೇ ಕೊಡು.

ಮೊದಲು ಸಂತೋಷದ ಸುದ್ದಿ. ನಿನ್ನ ತಂಗಿ ಈಗ ಅಧಿಕೃತವಾಗಿ ನೀತಿವಂತೆ. ಕಳೆದ ಶನಿವಾರ ನಮಗೆಲ್ಲ 'ವೃತ್ತಿ ಬೆಳವಣಿಗೆ ಮತ್ತು ನೀತಿ' ಎಂಬ ಇಡೀ ದಿನದ ತರಬೇತಿ ನಡೆಯಿತು. ಬಾಗಿಲಲ್ಲೇ ಹಾಜರಿ ಪುಸ್ತಕ ಇಟ್ಟುಕೊಂಡು, ಬೆಳಗಿನ ಸಹಿಯ ಜೊತೆಗೇ ಮಧ್ಯಾಹ್ನದ ಸಹಿಯನ್ನೂ ಹಾಕಿಸಿಕೊಂಡರು. ತರಬೇತಿ ಕೊಡಲು ಬಂದ ಮಹಾಶಯರಿಗೆ ಮಧ್ಯಾಹ್ನ ಒಂದು ಗಂಟೆಯ ಬಸ್ಸು ಹಿಡಿಯಬೇಕಿತ್ತಂತೆ. ಹೀಗಾಗಿ ಊಟದ ನಂತರದ 'ಪ್ರಾಮಾಣಿಕತೆ' ಎಂಬ ಭಾಗವನ್ನು ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುತ್ತಾ ಆಲಿಸಿದೆವು. ಚಿನ್ನದ ಅಂಚಿನ ಪ್ರಮಾಣಪತ್ರ ಕೊಟ್ಟಿದ್ದಾರೆ. ಗೋಡೆಗೆ ಹಾಕಲು ಮೊಳೆ ಹುಡುಕುತ್ತಿದ್ದೇನೆ.

ಇನ್ನು ಅಸಲು ವಿಷಯ. ನಮ್ಮಲ್ಲಿ ಒಂದೊಂದು ಮಗುವಿಗೂ ಒಂದೊಂದು ನೋಟ್‌ಬುಕ್ಕು. ಮಗು ಏನು ಮಾಡಿತು, ಏನಂದಿತು, ಹೇಗೆ ಆಡಿತು ಎಂದು ಕಣ್ಣಾರೆ ಕಂಡದ್ದನ್ನು ಟೀಚರು ವಾರ ವಾರವೂ ಬರೆಯಬೇಕು. ತಪಾಸಣೆಯವರು ಅದರ ಪುಟ ತಿರುವುತ್ತಾರೆ, ಅಪ್ಪ ಅಮ್ಮಂದಿರು ಅದನ್ನು ನಂಬುತ್ತಾರೆ. ಈ ಶುಕ್ರವಾರ ತಪಾಸಣೆ. ಸೋಮವಾರ ಬೆಳಿಗ್ಗೆ ದೊಡ್ಡ ಮೇಡಂ ಮೂವತ್ತು ಖಾಲಿ ನೋಟ್‌ಬುಕ್ಕು, ಇಪ್ಪತ್ತನಾಲ್ಕು ಸಿದ್ಧ ವಾಕ್ಯಗಳ ಒಂದು ಪಟ್ಟಿ, ಮೂರು ಪೆನ್ನು ತಂದು ಮೇಜಿನ ಮೇಲೆ ಇಟ್ಟರು. "ಒಂದೇ ಬಣ್ಣದಲ್ಲಿ ಬರೆದ್ರೆ ಒಂದೇ ದಿನ ಬರೆದ ಹಾಗೆ ಕಾಣತ್ತೆ ಕಣ್ರೀ. ಹಾಡಿನ ಟೀಚರ್ ನೀಲಿ, ಕತೆ ಟೀಚರ್ ಕಪ್ಪು, ನೀವು ಹಸಿರು" ಅಂದರು. ನೋಡು, ಎಂಥ ದೂರದೃಷ್ಟಿ! ಇದರಲ್ಲಿ ಅರ್ಧವನ್ನು ಮಕ್ಕಳ ಕಡೆ ಹರಿಸಿದ್ದರೆ ಶಾಲೆ ಉದ್ಧಾರವಾಗುತ್ತಿತ್ತು.

ಪುಸ್ತಕಗಳು ಕೈಯಿಂದ ಕೈಗೆ ಸುತ್ತಿದವು. ನೀಲಿಯಲ್ಲಿ ಹಂಚಿಕೊಂಡು ತಿಂದ ಮಗು ಕಪ್ಪಿನಲ್ಲಿ ಬಣ್ಣ ಗುರುತಿಸಿತು. ಎರಡು ತಿಂಗಳ ಹಿಂದೆಯೇ ಶಾಲೆ ಬಿಟ್ಟು ಬೇರೆ ಊರಿಗೆ ಹೋದ ಹುಡುಗನೂ ಹೋದ ವಾರ ನಮ್ಮ ಅಂಗಳದಲ್ಲಿ 'ಒಂಟಿಕಾಲಿನಲ್ಲಿ ಉತ್ಸಾಹದಿಂದ ಕುಪ್ಪಳಿಸಿದ್ದಾನೆ'. ಅಷ್ಟು ದೂರದಿಂದ ಕುಪ್ಪಳಿಸಿಕೊಂಡೇ ಬಂದಿರಬೇಕು, ಪಾಪ.

ನಾನೂ ಬರೆದೆ ಅಕ್ಕಾ, ಹನ್ನೊಂದು ಪುಸ್ತಕ. ಹನ್ನೆರಡನೆಯದು ಗುಬ್ಬಿಯದು.

ಗುಬ್ಬಿ ಅಂದರೆ ನನ್ನ ತರಗತಿಯ ಹುಡುಗಿ. ನಾಲ್ಕು ತುಂಬಿದೆ. ಮಾತು ಎಣಿಸಿ ಹತ್ತಿಪ್ಪತ್ತು. ಎದುರಿಗೆ ಕೂತು ಮಾತಾಡಿದರೆ ನನ್ನ ತುಟಿಯನ್ನೇ ನೋಡುತ್ತಾಳೆ, ಹಲ್ಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇನೋ ಎಂದು ನನಗೇ ಅನುಮಾನ ಬರುವಷ್ಟು. ಅವಳ ಪುಸ್ತಕಕ್ಕೆ ಪಟ್ಟಿಯಿಂದ ನನ್ನ ಪಾಲಿಗೆ ಬಂದ ವಾಕ್ಯ: 'ಹೆಸರು ಹಿಡಿದು ಕರೆದ ಕೂಡಲೇ ತಿರುಗುತ್ತಾಳೆ.' ಪೆನ್ನು ಕೆಳಗಿಟ್ಟೆ. ಕೊನೆಗೂ ಕಣ್ಣು ಬಿಟ್ಟು ನೋಡೋಣ ಅನ್ನಿಸಿತು. ಮರುದಿನ ನಿಜವಾಗಿ ಕಂಡದ್ದನ್ನು ಮಾತ್ರ ಬರೆದೆ. ಇದೋ ನಕಲು:

'ಮಂಗಳವಾರ, ಹತ್ತು ಗಂಟೆ. ಮರದ ತುಂಡು ಜೋಡಿಸುತ್ತಿದ್ದಾಗ ಹಿಂದಿನಿಂದ ಮೂರು ಸಲ ಕರೆದೆ. ತಿರುಗಲಿಲ್ಲ. ಹತ್ತೂ ಕಾಲು. ಆಯಾಳ ಕೈಯಿಂದ ಸ್ಟೀಲ್ ತಟ್ಟೆಗಳ ರಾಶಿ ಬಿತ್ತು. ಎಲ್ಲ ಮಕ್ಕಳೂ ಬೆಚ್ಚಿದರು, ಇಬ್ಬರು ಅತ್ತರು. ಈಕೆ ಗೋಪುರದ ಮೇಲೆ ಆರನೆಯ ತುಂಡು ಇಟ್ಟಳು. ಕಿವಿ ಪರೀಕ್ಷೆ ಮಾಡಿಸಬೇಕು.'

ದೊಡ್ಡ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಆಮೇಲೆ ಹಾಳೆ ಹರಿದುಹಾಕಿ ಅಂದರು. "ಏನ್ರೀ ಇದು? ನಾವು ಡಾಕ್ಟ್ರಾ? ಅವರಮ್ಮ ಇದನ್ನ ನಾಲ್ಕು ಜನಕ್ಕೆ ತೋರಿಸಿದ್ರೆ ಶಾಲೆ ಮರ್ಯಾದೆ ಏನಾಗ್ಬೇಡ? ಕೆಲವು ಮಕ್ಕಳು ನಿಧಾನ. ತಾನಾಗೇ ಸರಿಹೋಗತ್ತೆ." ನಾನು, ಸರಿಹೋಗದಿದ್ದರೆ ಅಂದೆ. "ಹಿರಿಯ ಶಿಕ್ಷಕಿ ಹುದ್ದೆಗೆ ನಿಮ್ಮ ಹೆಸರೇ ಕಳಿಸ್ತಿದ್ದೀನಿ ಕಣ್ರೀ. ಬೆಳೆಯೋ ವಯಸ್ಸಲ್ಲಿ ಬೆಳೀರಿ, ಹಟ ಮಾಡ್ಬೇಡಿ" ಅಂದರು. ಮೂವತ್ತೆಂಟು ನನಗೆ! ನಮ್ಮ ಮಕ್ಕಳಿಗೂ ಇದೇ ಮಾತು ಹೇಳಿ ತರಕಾರಿ ತಿನ್ನಿಸುತ್ತೇವೆ.

ನಾನು ಹಾಳೆ ಹರಿಯಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು, ಬೇಕಾದರೆ ನನ್ನ ಹೆಸರು ಹರಿದುಹಾಕಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಆಯಾ ಬಾಗಿಲ ಹಿಂದೆ ನಿಂತು, "ಅಯ್ಯೋ ನಮ್ಮವ್ವ, ಇವತ್ತು ಇನ್ನೊಂದ್ ರಾಶಿ ತಟ್ಟೆ ಬಿತ್ತು" ಅಂದಳಂತೆ. ಇದೇ ಆ ಜಗಳ.

ಇವತ್ತು ಪೋಷಕರ ಸಭೆ. ಗುಬ್ಬಿಯ ಅಮ್ಮ ಹೊಲಿಗೆಯವಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡಿಸಿಕೊಂಡು ಬಂದಿದ್ದಳು. ದೊಡ್ಡ ಮೇಡಂ ಪಕ್ಕದಲ್ಲೇ ಕೂತಿದ್ದರು. ನಾನು ಪುಸ್ತಕ ತೆರೆದು ಆ ಹಾಳೆಯನ್ನು ಅಕ್ಷರ ಬಿಡದೆ ಓದಿದೆ. ಆಕೆ ಜಗಳವಾಡಲಿಲ್ಲ. ಅಳಲೂ ಇಲ್ಲ. ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಹೋದ ವರ್ಷದ ನೋಟ್‌ಬುಕ್ಕಿನ ಪುಟ: 'ಹೆಸರು ಹಿಡಿದು ಕರೆದ ಕೂಡಲೇ ತಿರುಗುತ್ತಾಳೆ.'

"ನಮ್ಮತ್ತೆ ಹೋದ ವರ್ಷಾನೇ ಹೇಳಿದ್ರು ಮಿಸ್, ಮಗೂಗೆ ಕೇಳ್ಸಲ್ಲ ಕಣೇ ಅಂತ. ನಾನೇ ಅವರ ಬಾಯಿ ಮುಚ್ಚಿಸ್ದೆ. ಓದಿದವ್ರು ಬರೆದಿದ್ದಾರೆ, ನಿಮಗೇನ್ ಗೊತ್ತು ಅಂತ ಇದನ್ನೇ ತೋರಿಸ್ದೆ. ಆಮೇಲೆ ಅವರು ಆ ಸುದ್ದಿ ಎತ್ತಲೇ ಇಲ್ಲ. ಯಾರು ಮಿಸ್ ಇದನ್ನ ಬರೆದಿದ್ದು?" ಅಂತ ಕೇಳಿದಳು.

ಒಂದು ವರ್ಷ ಅಕ್ಕಾ! ಮಾತು ಕಲಿಯುವ ವಯಸ್ಸಿನ ಮಗುವಿಗೆ ಒಂದು ವರ್ಷ ಅಂದರೆ ಏನೆಂದು ನಿನಗೆ ನಾನು ಹೇಳಬೇಕೆ? ಓದು ಬರಹ ಬಾರದ ಅಜ್ಜಿಗೆ ಮನೆಯ ಮೂಲೆಯಲ್ಲಿ ಕೂತು ಕಂಡದ್ದು, ಪ್ರಮಾಣಪತ್ರ ಹೊತ್ತ ನಮಗೆ ಮೂಗಿನಡಿ ಕಾಣಲಿಲ್ಲ. ಕಾಣದಿದ್ದರೆ ಕುರುಡು ಎನ್ನಬಹುದಿತ್ತು. ನೋಡದೆ ಬರೆದದ್ದಕ್ಕೆ ಏನನ್ನುವುದು?

ದೊಡ್ಡ ಮೇಡಂ ಕೆಮ್ಮಿ, "ಅದು ಹಿಂದಿದ್ದ ಟೀಚರು ಬರೆದಿದ್ದಮ್ಮ. ಕೆಲಸ ಬಿಟ್ಟು ಹೋದ್ರು" ಅಂದರು. ಹಾಗೆಂದು ನನ್ನ ಕಡೆ ಒಂದು ನೋಟ ಬೀರಿದರು. ಆ ನೋಟಕ್ಕೆ ನನ್ನ ಮೈ ಉರಿದುಹೋಯಿತು. ಇಲ್ಲದವರ ತಲೆಗೆ ಕಟ್ಟುವುದು ಎಷ್ಟು ಸಲೀಸು ನೋಡು! ಸಭೆ ಅಲ್ಲಿಗೆ ಮುಗಿಯಿತು. ಸಂಜೆ ಹೊತ್ತಿಗೆ ಹಿರಿಯ ಶಿಕ್ಷಕಿ ಹುದ್ದೆಗೆ ಹಾಡಿನ ಟೀಚರ ಹೆಸರು ಹೋಯಿತು. ಅವಳು ಒಳ್ಳೆಯವಳು, ನೀಲಿ ಬಣ್ಣದಲ್ಲಿ ಬೆಳೆಯಲಿ.

ನಾಳೆ ಹತ್ತು ಗಂಟೆಗೆ ಗುಬ್ಬಿಗೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಜೊತೆಗೆ ಬನ್ನಿ ಮಿಸ್ ಅಂತ ಅವಳಮ್ಮ ಕರೆದಿದ್ದಾಳೆ. ರಜೆ ಹಾಕಿದ್ದೇನೆ, ಕಾರಣದ ಜಾಗದಲ್ಲಿ ನಿಜವಾದ ಕಾರಣವನ್ನೇ ಬರೆದಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಭಾವನಿಗೆ ನಮಸ್ಕಾರ ತಿಳಿಸು.

ಇನ್ನೂ ತಣ್ಣಗಾಗದ,
ನಿನ್ನ ತಂಗಿ

ಮರೆತದ್ದು ಎಂದು ಬರೆಯಲು ಹೊರಟಿದ್ದೆ. ಮರೆತದ್ದಲ್ಲ, ಇಷ್ಟು ಹೊತ್ತು ಮುಚ್ಚಿಟ್ಟದ್ದು. ಕೆಲಸ ಬಿಟ್ಟು ಹೋದ ಟೀಚರು ಯಾರೂ ಇಲ್ಲ ಅಕ್ಕಾ. ಆ ಫೋಟೋದಲ್ಲಿದ್ದ ವಾಕ್ಯ ಹಸಿರು ಶಾಯಿಯದು. ಹೋದ ವರ್ಷವೂ ಹಸಿರು ಪೆನ್ನು ನನ್ನ ಕೈಯಲ್ಲೇ ಇತ್ತು. ಮೇಡಂ ಬೀರಿದ ನೋಟದ ಅರ್ಥ, ನಿನ್ನನ್ನು ಉಳಿಸಿದ್ದೇನೆ ಎಂದು. ನಾನು ಉಳಿದುಕೊಂಡೆ, ತುಟಿ ಬಿಚ್ಚಲಿಲ್ಲ. ನಾಳೆ ಪರೀಕ್ಷೆಗೆ ಮುಂಚೆ, ಅದನ್ನು ಬರೆದದ್ದು ನಾನೇ ಎಂದು ಗುಬ್ಬಿಯ ಅಮ್ಮನಿಗೆ ಹೇಳುತ್ತೇನೆ. ಅಜ್ಜಿಗೂ ಹೇಳಬೇಕು. ಹೋದ ವರ್ಷ ಅದನ್ನು ಬರೆಯುವಾಗ ಗುಬ್ಬಿ ಇದೇ ಕೋಣೆಯಲ್ಲಿ, ನನಗೆ ಬೆನ್ನು ಹಾಕಿ ಆಡುತ್ತಾ ಕೂತಿದ್ದಳು. ಒಂದು ಸಲ ಕರೆದು ನೋಡಬಹುದಿತ್ತು. ಕರೆಯಲಿಲ್ಲ.