ಐದನೇ ನಂಬರು, ದೇವರ ನಿದ್ದೆ

ವಾಸು,

ಮೊದಲ ಬಸ್ಸಿಗೆ ಸಂಡೂರಿಗೆ ಹೊರಟೆ. ಲ್ಯಾಪ್‌ಟಾಪಿಗೆ ಮತ್ತೆ ಗುದ್ದಬೇಡಿ, ಅದು ಹಳೇ ಟಿವಿ ಅಲ್ಲ.

ಅದು ಹ್ಯಾಂಗ್ ಆಗುತ್ತಿದ್ದುದು ನೀವು ತಂದ ಹೊಸ ಕಾರ್ಡಿನಿಂದ. ಫೋನ್ ಲೈನಿನ ಕಾರ್ಡು, ಈ ನೆಟ್‌ವರ್ಕ್ ಕಾರ್ಡು, ಎರಡೂ ಹನ್ನೊಂದನೇ ಇಂಟರಪ್ಟ್ ನಂಬರೇ ಬೇಕೆಂದು ಹಟ ಹಿಡಿದಿದ್ದವು. ಇಬ್ಬರು ಒಟ್ಟಿಗೇ ಒಂದೇ ಕರೆಗಂಟೆ ಒತ್ತಿದರೆ ಒಳಗಿನವರು ಯಾರಿಗೆ ಓಗೊಡಬೇಕು? ರಾತ್ರಿ ಕೂತು ಹೊಸದಕ್ಕೆ ಐದನೇ ನಂಬರು ಕೊಟ್ಟಿದ್ದೇನೆ. ಅದು ಸೌಂಡಿನ ನಂಬರು, ಬೇರೆ ಯಾವುದೂ ಖಾಲಿ ಇರಲಿಲ್ಲ. ಹಾಗಾಗಿ ಸೌಂಡ್ ಬಂದ್. ಬೆಳಿಗ್ಗೆ ಒಂಬತ್ತರೊಳಗೆ ಹೊಸ ಕಾರ್ಡಿನಿಂದ ಅದಿರು ಲೋಡಿನ ಪಟ್ಟಿ ಹೋಗದಿದ್ದರೆ ಬಂಡ್ರಿಯ ಲಾರಿಗಳು ನಿಂತಲ್ಲೇ ನಿಲ್ಲುತ್ತವೆ. ಏನನ್ನೂ ಮುಟ್ಟಬೇಡಿ.

ಇನ್ನು ಅತ್ತೆಯವರ ವಿಷಯ. ಟೇಪ್‌ರೆಕಾರ್ಡರನ್ನು ಅದಿರಿನ ಧೂಳು ತಿಂದ ಮೇಲೆ ದೇವರನ್ನು ಎಬ್ಬಿಸುವ ಹಾಡು ಲ್ಯಾಪ್‌ಟಾಪಿನದೇ. ಹಾಡಿಲ್ಲದೆ ದೇವರು ಏಳುವುದಿಲ್ಲ, ದೇವರು ಏಳದೆ ಅವರು ಒಲೆ ಹಚ್ಚುವುದಿಲ್ಲ. ಮೊನ್ನೆ ಮಧ್ಯಾಹ್ನದವರೆಗೆ ಮನೆಮಂದಿಯೆಲ್ಲ ಉಪವಾಸ ಕೂತದ್ದು ನೆನಪಿದೆಯಲ್ಲ?

ಆರೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ನೀವೇ ಹಾಡಿ. ಅವರು ಮಡಿಯಲ್ಲಿರುತ್ತಾರೆ, ದೇವರಮನೆ ಬಿಟ್ಟು ಹೊರಗೆ ಬರುವುದಿಲ್ಲ. ನಡುವೆ ಕೆಮ್ಮಬೇಡಿ. ಕಾಫಿ ಎಂದು ಕೂಗಲೂಬೇಡಿ.

ನಿನ್ನೆ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದ್ದಾಗ ಅದರ ಮುಂದೆ ಕೂತು ಹಾಡಿದ್ದು ನಾನು. ಅತ್ತೆ ಒಳಗಿನಿಂದಲೇ, "ಮಾಧವಿ, ಇವತ್ತ ಕಂಪ್ಯೂಟರಿನ ಗಂಟಲು ಭಾಳ ಛಲೋ ಅದ ನೋಡು. ನೀನೂ ಅದರ ಹಂಗ ಹಾಡೂದು ಕಲಿ" ಅಂದರು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನನ್ನ ಹಾಡಿಗೆ ಸಿಕ್ಕ ಮೊದಲ ಹೊಗಳಿಕೆ.

ಪಟ್ಟಿ ಹೋದ ಮೇಲೂ ಸೌಂಡ್ ಸರಿಮಾಡಬೇಡಿ. ನಾಳೆ ನಾನೇ ಹಾಡುತ್ತೇನೆ.

ಮಾಧವಿ