ತೊಟ್ಟಿಲ ಕೊಂಡಿಗೆ ಕಟ್ಟಿದ ರಾಟೆ

ಮುಂಡಗೋಡ,
ಮಾರ್ಚ್ ೧೯೬೮

ಮಾಲವ್ವ ವೈನಿಯವರ ಪಾದಗಳಿಗೆ ಮೈದುನ ಪರಸಪ್ಪನ ನಮಸ್ಕಾರ.

ವೈನಿ, ಇಂದು ಮುಂಜಾನೆ ನಾನು ಓಣಿಯ ಜನರ ಎದುರಿಗೆ, ಪಡಸಾಲೆಯ ತೊಲೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದೆ. ಗಾಬರಿಯಾಗಬೇಡಿರಿ. ಅಂಗೈ ಕೆಂಪಾಗಿದ್ದು ಬಿಟ್ಟರೆ ನನಗೇನೂ ಆಗಿಲ್ಲ. ಆದರೆ ಕೆಳಗಿಳಿದಾಗ ಮನಸ್ಸಿನ ತುಂಬ ನೀವೇ ಇದ್ದಿರಿ. ಸಾಲೆಯಲ್ಲಿ ಹಾಜರಿ ಕೂಗಿದರೆ ಹಿಂದಿನ ಬೆಂಚಿನವರಿಗೆ ಕೇಳದಂಥ ದನಿ ನನ್ನದು. ಎದುರಿಗೆ ನಿಂತು ಹೊಗಳುವುದು ನನ್ನಿಂದ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ಅಣ್ಣನ ಕೈಗೆ ಕೊಟ್ಟು ಓದಿಸಬೇಡಿರಿ. ನಾಲ್ಕನೆಯ ಇಯತ್ತೆ ಪಾಸಾದವರು ನೀವು, ಒಲೆಯ ಮುಂದೆ ಕುಳಿತು ನೀವೇ ಓದಬೇಕು.

ನಾನು ಬಿ.ಎ. ಪರೀಕ್ಷೆ ಬರೆದು ಧಾರವಾಡದಿಂದ ದಾಂಡೇಲಿಗೆ ಬಂದು, ಫಲಿತಾಂಶದ ದಾರಿ ಕಾಯುತ್ತಿದ್ದ ಆ ಬೇಸಿಗೆ ನಿಮಗೆ ನೆನಪಿರಬೇಕು. ಗೂಳಪ್ಪಣ್ಣ ಹಳಿಯಾಳದ ಕುಸ್ತಿಯ ಕಣದಲ್ಲಿ ಗೆದ್ದೂ ಸೋತು ಬಂದಿದ್ದ. ಎದುರಾಳಿಯನ್ನು ಚಿತ್ ಮಾಡಿದ ಗಳಿಗೆಯಲ್ಲೇ ಅವನ ಬಲಭುಜ ಕೀಲಿನಿಂದ ಜಾರಿತ್ತು. ದವಾಖಾನೆಯಲ್ಲಿ ಕೂಡಿಸಿ ಕಟ್ಟಿದರು. ಕಟ್ಟು ಬಿಚ್ಚಿದ ಮೇಲೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಜೋಯಿಡಾ ಕಡೆಯ ಕಾಡಿನಿಂದ ಕಾಗದದ ಗಿರಣಿಗೆ ಬರುವ ಬಿದಿರಿನ ಲಾರಿಗಳನ್ನು ಖಾಲಿ ಮಾಡುವ ಕೆಲಸ ಅವನದು. ತಲೆಯ ಮೇಲೆ ಕೈ ಹೋಗದವನು ಲಾರಿಯ ಮೇಲಿನ ಬಿದಿರನ್ನು ಹೇಗೆ ಹಿಡಿದಾನು? ಕೂಲಿಗಳ ಮೇಲ್ವಿಚಾರಕ, ಮುಕಾದಮ ಸಾತಪ್ಪ ಮನೆಗೇ ಬಂದು ಹೇಳಿದ: “ಗೂಳಪ್ಪ, ಮಳಿ ಹತ್ತೂತನಾ ನಿನ್ನ ಜಾಗಾ ಹಿಡದಿಡ್ತೇನಿ. ಕೈ ತೆಲಿ ಮ್ಯಾಲ ಹೋತಂದ್ರ ಬಾ. ಇಲ್ಲಂದ್ರ ನನ್ನ ಮ್ಯಾಲ ಸಿಟ್ಟಾಗಬ್ಯಾಡಪಾ.” ಅಣ್ಣ ಅವನಿಗೆ ಚಹಾ ಕುಡಿ ಎಂದೂ ಹೇಳಲಿಲ್ಲ. ನೀವೇ ಕಪ್ಪು ತಂದಿಟ್ಟಿರಿ.

ಡಾಕ್ಟರು ಹೇಳಿದ ಉಪಾಯ ಸಣ್ಣದು. ತಲೆಯ ಮೇಲೆ ಒಂದು ರಾಟೆ, ಅದರ ಮೇಲೆ ಒಂದು ಹಗ್ಗ, ಎರಡು ತುದಿಗೆ ಎರಡು ಹಿಡಿಕೆ. ಕೆಳಗೆ ಕುಳಿತು ಒಳ್ಳೆಯ ಕೈಯಿಂದ ಒಂದು ತುದಿ ಜಗ್ಗಿದರೆ, ಇನ್ನೊಂದು ತುದಿ ಹಿಡಿದ ನೋವಿನ ಕೈ ತಾನಾಗಿ ಮೇಲೇರುತ್ತದೆ. ನೋವು ಹೆಚ್ಚಾದಲ್ಲಿ ನಿಲ್ಲಿಸಬೇಕು. ಜರ್ ಎಂದು ಎಳೆದರೆ ಕೀಲು ಮತ್ತೆ ಜಾರೀತು, ಆಮೇಲೆ ತಮ್ಮಿಂದಲೂ ಆಗದು ಎಂದರು. ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದ ನೀವು ಒಂದೇ ಒಂದು ಪ್ರಶ್ನೆ ಕೇಳಿದಿರಿ: “ಹಗ್ಗ ಹರದ್ರ ಏನಾಕ್ಕೈತ್ರಿ?” ಡಾಕ್ಟರು ನಕ್ಕುಬಿಟ್ಟರು. “ಹರೀಬಾರದವ್ವ, ಅಷ್ಟ.” ಉಳಿದವರೆಲ್ಲ ಆ ಮಾತನ್ನು ದವಾಖಾನೆಯಲ್ಲೇ ಬಿಟ್ಟು ಬಂದೆವು. ನೀವು ಮನೆಗೆ ತಂದಿರಿ.

ಮರುದಿನ ಹಳಿಯಾಳದ ಬಸ್ಸು ಹತ್ತಿ ತವರಿಗೆ ಹೋದಿರಿ. ಹಾಳುಬಿದ್ದ ಬಾವಿಯ ಕಬ್ಬಿಣದ ರಾಟೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಸಂಜೆಯ ಬಸ್ಸಿಗೆ ಮರಳಿದಿರಿ. ಚೀಲ ಬಿಚ್ಚಿದಾಗ ಅವ್ವ ಹಣೆ ಬಡಿದುಕೊಂಡಳು. “ಎಲ್ಲಾರ ಸೊಸ್ತೇರು ತವರಮನಿಯಿಂದ ಕುಬಸಾ ತರ್ತಾರ. ನಮ್ಮಾಕಿ ತುಕ್ಕ ಹಿಡದ ರಾಟಿ ತಂದಾಳವ್ವ!” “ಕುಬಸಾ ಮುಂದಿನ ಸಲ ತರ್ತೇನ್ರಿ ಅತ್ತಿ,” ಎನ್ನುತ್ತ ನೀವು ಇಟ್ಟಂಗಿಯ ಪುಡಿ, ಚಿಮಣಿ ಎಣ್ಣೆ ಹಚ್ಚಿ ತಿಕ್ಕಲು ಕುಳಿತಿರಿ. ನಡುವಿನ ಅಚ್ಚಿಗೆ ಔಡಲೆಣ್ಣೆ ಬಿಟ್ಟು, ಬೆರಳಿನಿಂದ ಗಾಲಿ ತಿರುಗಿಸಿ, ಕಿವಿ ಹಚ್ಚಿ ಕೇಳಿದಿರಿ. ಅದು ಕಿರ್ ಎನ್ನುವುದನ್ನು ಬಿಡುವತನಕ ನಿಮ್ಮ ಕೈ ಬಿಡುವಾಗಲಿಲ್ಲ.

ನಡುವಿನ ತೊಲೆಯಲ್ಲಿ ತೊಟ್ಟಿಲ ಕೊಂಡಿ ಇತ್ತು. ಅಕ್ಕ ಬಾಣಂತನಕ್ಕೆ ಬಂದಾಗ ಅವಳ ಮಕ್ಕಳು ತೂಗಿದ್ದು ಅದಕ್ಕೇ. ನೀವು ರಾಟೆಯನ್ನು ಅಲ್ಲಿಗೆ ಏರಿಸಹೊರಟಾಗ ಅವ್ವ ಅಡ್ಡ ನಿಂತಳು. “ಮನಿ ನಡುವ ತೊಲಿಯಿಂದ ಹಗ್ಗ ಇಳೀಬಿಡ್ತಾರೇನ? ನೋಡಿದವರು ಏನಂದಾರು?” ನೀವು ಏಣಿಯ ಮೇಲಿನಿಂದಲೇ ಅಂದಿರಿ: “ತೊಟ್ಟಲಾನೂ ಹಗ್ಗದಾಗ ತೂಗ್ತೈತ್ರಿ ಅತ್ತಿ. ಒಂದ ಕೂಸು ದೊಡ್ಡದೈತಿ ಅನ್ಕೋರ್ರಿ.” ಮೂಲೆಯಲ್ಲಿ ಕುಳಿತಿದ್ದ ಆ ದೊಡ್ಡ ಕೂಸು ಮುಖ ಗಂಟಿಕ್ಕಿಕೊಂಡಿತು. ನಾನು ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ನಕ್ಕೆ.

ತೆಂಗಿನ ನಾರಿನ ಕಾಥಿ ಹಗ್ಗ ಕೈಗೆ ಚುಚ್ಚುತ್ತದೆಂದು ನೂಲಿನ ಹಗ್ಗ ಆರಿಸಿದಿರಿ. ಬಿದಿರಿನ ಎರಡು ತುಂಡುಗಳ ಅಂಚನ್ನು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ, ಹಳೆಯ ಸೀರೆಯ ಅರಿವೆ ಸುತ್ತಿ ಹಿಡಿಕೆ ಮಾಡಿದಿರಿ. ರಾಟೆಯ ನೇರ ಕೆಳಗೆ ಕೌದಿ ಹಾಸಿ, ಅದರ ಮೇಲೆ ಮಣೆ ಇಟ್ಟು, ಮಣೆ ಅತ್ತಿತ್ತ ಸರಿಯಬಾರದೆಂದು ಸುತ್ತಲೂ ರಂಗೋಲಿಯ ಗೆರೆ ಎಳೆದಿರಿ. ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದೆ. ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ಎರಡೂ ತುದಿ ಹಿಡಿದು, ಕಾಲು ಮೇಲೆತ್ತಿ ತೂಗಿಬಿದ್ದಿರಿ.

ಅದೇ ಹೊತ್ತಿಗೆ ಅವ್ವ ನಳದಿಂದ ನೀರು ತಂದಳು. ಕೊಡ ನೆಲಕ್ಕೆ ಬಿದ್ದ ಸಪ್ಪಳಕ್ಕಿಂತ ಅವಳ ಕೂಗು ದೊಡ್ಡದಾಗಿತ್ತು. “ಅಯ್ಯ ನನ ಮಗಳ! ನಾ ಏನಂದೆ ಅಂತ ಹಿಂಗ ಮಾಡ್ಕೊಂಡೆವ್ವ!” ಸಾಲುಮನೆಗಳ ಹೆಂಗಸರೆಲ್ಲ ಓಡಿ ಬಂದರು. ಅವ್ವ ನಿಮ್ಮ ಕಾಲುಗಳನ್ನು ತಬ್ಬಿ ಮೇಲಕ್ಕೆತ್ತುತ್ತಿದ್ದಾಳೆ, ನೀವು ನಗು ತಡೆಯಲಾರದೆ ಇನ್ನಷ್ಟು ತೂಗುತ್ತಿದ್ದೀರಿ. “ಹಗ್ಗ ನೋಡಾಕತ್ತೇನ್ರಿ ಅತ್ತಿ! ನನ್ನ ಭಾರ ತಡದ್ರ ಅವರ ಕೈ ಭಾರ ತಡೀತೈತಿ.” ಪಕ್ಕದ ಮನೆಯ ಯಲ್ಲವ್ವ ಬಾಗಿಲಲ್ಲೇ ಕುಳಿತುಬಿಟ್ಟಳು. “ಶಿವವ್ವ, ಕಾಲ ಬಿಡಽ, ನಿನ್ನ ಸೊಸಿ ಜೋಕಾಲಿ ಆಡಾಕತ್ತಾಳ. ಅಕಿದು ಮುಗದ್ರ ನಾನೂ ಒಂದೀಟು ಆಡ್ತೇನಿ!” ಅವ್ವ ಅಂದು ಸಂಜೆಯವರೆಗೆ ನಿಮ್ಮೊಡನೆ ಮಾತಾಡಲಿಲ್ಲ. ಆದರೆ ಊಟಕ್ಕೆ ಕುಳಿತಾಗ ನಿಮ್ಮ ರೊಟ್ಟಿಗೆ ಬೆಣ್ಣೆ ಹಾಕಿದ್ದನ್ನು ನಾನು ನೋಡಿದೆ.

ರಾಟೆ ಕಟ್ಟಿದ್ದು ಸುಲಭ, ಅಣ್ಣನನ್ನು ಅದರ ಕೆಳಗೆ ಕೂಡಿಸಿದ್ದು ಕಷ್ಟ. “ಒಂದ ಕೈ ಎತ್ತಾಕ ಇನ್ನೊಂದ ಕೈ ಆಸರಾ? ಗರಡಿಯೊಳಗ ಕೇಳಿದ್ರ ನಗ್ತಾರ. ಅದರ ಮ್ಯಾಲ ಹೆಂಗಸು ನಿಂತು ಕಲಿಸೂದು! ಗರಡಿಗೆ ಹೆಂಗಸರು ಕಾಲಿಡೂ ಹಾಂಗಿಲ್ಲ, ಗೊತ್ತೈತಿಲ್ಲ?” ಎಂದು ಅವನು ಗುಡುಗಿದ. “ಗರಡಿ ನಿಮ್ದು ಹಳಿಯಾಳದಾಗೈತ್ರಿ. ಇದು ನನ್ನ ಅಡಗಿಮನಿ ಬಾಜೂಕ ಐತಿ. ಕುಂದರ್ರಿ,” ಎಂದಿರಿ. ಅವನು ಕುಳಿತ. ಎಡಗೈ ಜಗ್ಗಿತು, ಬಲಗೈ ಗಲ್ಲದವರೆಗೆ ಏರಿ ನಡುಗಿತು. ನೀವು ಅವನ ಕೈ ನೋಡಲಿಲ್ಲ, ಮುಖ ನೋಡುತ್ತಿದ್ದಿರಿ. ಹುಬ್ಬು ಗಂಟಿಕ್ಕಿದ ಕೂಡಲೇ “ಸಾಕು” ಎಂದಿರಿ. ಕೈ ಮುಟ್ಟಿದ ಎತ್ತರಕ್ಕೆ ಹಿಂದಿನ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆದಿರಿ. ದಿನಗಳೆದಂತೆ ಗೆರೆಗಳು ಗೋಡೆ ಹತ್ತತೊಡಗಿದವು. ಕೆಲವು ದಿನ ಇದ್ದಲ್ಲೇ ನಿಂತವು. ಕೆಲವು ದಿನ ಕೆಳಗೂ ಇಳಿದವು. ಇಳಿದ ದಿನವೂ ನೀವು ಗೆರೆ ಎಳೆಯುವುದನ್ನು ಬಿಡಲಿಲ್ಲ. ಮತ್ತು ಪ್ರತಿಸಲವೂ, ಅವನು ಕೂಡುವ ಮೊದಲು, ನೀವು ಜೋತುಬಿದ್ದು ನೋಡುತ್ತಿದ್ದಿರಿ. “ನಿನ್ನೆ ನೋಡಿದ ಹಗ್ಗಾನ ಅಲ್ಲೇನು?” ಎಂದು ಅಣ್ಣ ರೇಗಿಸಿದರೆ, “ನಿನ್ನೆದು ನಿನ್ನೆಗೆ ಆತು” ಎನ್ನುತ್ತಿದ್ದಿರಿ.

ಆಕಾಶದಲ್ಲಿ ಮೋಡ ಕಾಣಿಸಿಕೊಂಡಾಗ ಅಣ್ಣನ ತಾಳ್ಮೆ ಮುಗಿಯಿತು. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತ್ತು, ಮಳೆ ಬಾಗಿಲಿಗೆ ಬಂದಿತ್ತು. ನೀವು ಕಾಳಿ ನದಿಗೆ ಅರಿವೆ ಒಗೆಯಲು ಹೋಗಿದ್ದ ಮಧ್ಯಾಹ್ನ ಅವನು ಒರಳುಕಲ್ಲಿನ ಗುಂಡನ್ನು ಹಗ್ಗದ ಒಂದು ತುದಿಗೆ ಕಟ್ಟಿ, ನೋವಿನ ಕೈಯಿಂದಲೇ ಅದನ್ನು ಎತ್ತಲು ನೋಡಿದ. ಭಾರ ಹೆಚ್ಚಾದಷ್ಟೂ ಬಲ ಬರುತ್ತದೆಂಬುದು ಅವನು ಗರಡಿಯಲ್ಲಿ ಕಲಿತ ಪಾಠ. ಹಗ್ಗ ಗಾಲಿಯಿಂದ ಜಾರಿ ಪಕ್ಕದ ಕಬ್ಬಿಣದ ಪಟ್ಟಿಗೆ ಸಿಕ್ಕು ಉಜ್ಜಿತು. ಅವನು ಬಿಚ್ಚಿ, ಹಗ್ಗವನ್ನು ಮೊದಲಿನ ಹಾಗೆ ಕೂಡಿಸಿ, ಗುಂಡನ್ನು ಒರಳಿಗೆ ಇಟ್ಟ. ಯಾರಿಗೂ ಹೇಳಲಿಲ್ಲ.

ಮರುದಿನ ಮುಂಜಾನೆ ನೀವು ಎಂದಿನಂತೆ ಹಗ್ಗ ಹಿಡಿದು ಕಾಲೆತ್ತಿದಿರಿ. ಹಗ್ಗ ಹರಿಯಿತು. ಕೌದಿಯ ಮೇಲೆ ಬಿದ್ದಿರಿ, ಆದರೆ ಮುಂಗೈ ಮಣೆಗೆ ಬಡಿದು ಹಸಿರು ಬಳೆಗಳೆಲ್ಲ ಒಡೆದು ರಕ್ತ ಬಂತು. ಅಣ್ಣ ಮಣೆಯ ಹತ್ತಿರವೇ ನಿಂತಿದ್ದ. ಅವನು ಎರಡೂ ಕೈ ಚಾಚಿ ನಿಮ್ಮನ್ನು ಎತ್ತಿದ. ಬಲಗೈ ನೋಯುತ್ತದೆಂಬುದು ಅವನಿಗೆ ಆಗ ನೆನಪೇ ಇರಲಿಲ್ಲ. ಹಗ್ಗದ ಹರಿದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಗುಂಡಿನ ಸಂಗತಿ ಹೇಳಿದ. ಅವ್ವ ನಿಮ್ಮ ಕೈಗೆ ಅರಿಶಿನ ಒತ್ತುತ್ತ ಅವನ ಮೇಲೆ ಹರಿಹಾಯ್ದಳು. “ಪೈಲ್ವಾನಂತ ಪೈಲ್ವಾನ! ಅಕಿ ಬೀಳಲಿಲ್ಲಂದ್ರ ನೀ ಬೀಳತಿದ್ದಿ, ಆ ಭುಜಾ ತಗೊಂಡು ಜಲ್ಮಕ್ಕ ಮೂಲ್ಯಾಗ ಕುಂದರತಿದ್ದಿ!” ನೀವು ಮಾತ್ರ “ಗುಂಡು ಒಡದಿಲ್ಲಲ್ರಿ? ಚಟ್ನಿ ಅರೀಬೇಕು,” ಎಂದಿರಿ. ಅಷ್ಟು ನೋವಿನಲ್ಲೂ!

ಅಣ್ಣ ಅಂಗಿ ತೊಟ್ಟು ಬಜಾರಕ್ಕೆ ಹೋದ. ಹೊಸ ಹಗ್ಗವನ್ನೂ ಹಸಿರು ಬಳೆಗಳನ್ನೂ ತಂದ. ಬಳೆಗಳನ್ನು ಅವ್ವ ತೊಡಿಸಿದಳು. ಹಗ್ಗವನ್ನು ಅವನು ತಾನೇ ನಿಮ್ಮ ಕೈಯಲ್ಲಿಟ್ಟ. ನೀವು ಕಟ್ಟಿ, ಆ ಕೈಯಲ್ಲೇ ಮತ್ತೆ ಜೋತುಬಿದ್ದು, ಸರಿಯಿದೆ ಎಂದಿರಿ. ಆಮೇಲೆ ಅವನು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಗರಡಿಯಲ್ಲಿ ಕಣಕ್ಕಿಳಿಯುವ ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರಲ್ಲ, ಹಾಗೆ ನೀವು ಎಳೆದ ರಂಗೋಲಿಯ ಗೆರೆ ಮುಟ್ಟಿ ಹಣೆಗೆ ಹಚ್ಚಿಕೊಂಡು ಮಣೆಯ ಮೇಲೆ ಕುಳಿತ. “ಶುರು ಮಾಡಸ್ರಿ, ವಸ್ತಾದಿ,” ಎಂದ. ಗರಡಿಯ ಗುರುವಿಗೆ ಮಾತ್ರ ಸಲ್ಲುವ ಮಾತದು. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಿರಿ. ಒಲೆ ಉರಿಯುತ್ತಿರಲಿಲ್ಲ, ಆದರೂ ಹೊಗೆ ಕಣ್ಣಿಗೆ ಹೋಯಿತು ಅಂದಿರಿ.

ಮಳೆ ಹತ್ತಿದ ಮೇಲೆ, ಕೊನೆಯ ಗೆರೆ ಗೋಡೆಯ ಮೇಲಿನ ದೇವರ ಪಟವನ್ನು ದಾಟಿದ ದಿನ, ಮುಕಾದಮ ಸಾತಪ್ಪ ಕೊಡೆ ಮಡಚುತ್ತ ಒಳಗೆ ಬಂದ. ಅಣ್ಣ ಮಣೆಯಿಂದ ಎದ್ದ. ಬಲಗೈ ಮೇಲೆತ್ತಿ, ತುದಿಗಾಲಲ್ಲಿ ನಿಂತು, ತೊಲೆಯ ಕೊಂಡಿಯಿಂದ ರಾಟೆಯನ್ನು ಬಿಡಿಸಿ ಕೆಳಗಿಳಿಸಿದ. ಸಾತಪ್ಪ ಬಾಯಿ ತೆರೆದ. “ಯಾವ ಡಾಕ್ಟರ್ ಮಾಡಿದಪಾ ಇದನ್ನ?” ಅಣ್ಣ ರಾಟೆಯನ್ನು ನಿಮ್ಮ ಕೈಗೆ ಕೊಟ್ಟು, “ಇವರು,” ಎಂದ. ಅವನು ಮತ್ತೆ ಕುಸ್ತಿ ಹಿಡಿಯಲಿಲ್ಲ, ನಿಜ. ಆದರೆ ಇಂದಿಗೂ ಲಾರಿಗೆ ಕೈಹಾಕುವ ಮೊದಲು ಬಿದಿರಿಗೆ ಬಿಗಿದ ಹಗ್ಗವನ್ನು ಜಗ್ಗಿ ನೋಡುತ್ತಾನಂತೆ, ಉಳಿದವರೂ ಹಾಗೇ ಮಾಡಬೇಕೆಂದು ಜಗಳವಾಡುತ್ತಾನಂತೆ. ಸಾತಪ್ಪನೇ ನನಗೆ ಹೇಳಿದ.

ಈಗ ಇಂದಿನ ಮಾತು. ನಾನು ಬಾಡಿಗೆಗಿರುವ ಮನೆಯ ಯಜಮಾನಿ ಮಹಾದೇವಕ್ಕ ದನದ ಕೊಟ್ಟಿಗೆಯಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಕೈ ಮೇಲೇಳದು. ತನ್ನ ತುರುಬು ತಾನು ಕಟ್ಟಿಕೊಳ್ಳಲಾಗದೆ ದಿನವೂ ನೆರೆಯವರ ಮುಂದೆ ತಲೆ ತಗ್ಗಿಸಿ ಕೂಡುವುದು ಅವಳಿಗೆ ನೋವಿಗಿಂತ ದೊಡ್ಡದಾಗಿತ್ತು. ಇಲ್ಲಿಯ ಡಾಕ್ಟರೂ ರಾಟೆಯ ಉಪಾಯವನ್ನೇ ಹೇಳಿದರು. ನಾನು ಕಟ್ಟಿಕೊಡುತ್ತೇನೆ ಎಂದೆ. ಟಿಬೇಟಿನವರ ಕಾಲೊನಿ ಎದ್ದಾಗಿನಿಂದ ಇಲ್ಲಿಯ ಬಜಾರದಲ್ಲಿ ಹಗ್ಗ, ಗುದ್ದಲಿ ತಂದಿಟ್ಟ ದಿನವೇ ಖರ್ಚಾಗುತ್ತವೆ. ಹುಡುಕಿ ನೂಲಿನ ಹಗ್ಗವನ್ನೇ ತಂದೆ. ರಾಟೆ, ಹಿಡಿಕೆ, ಕೌದಿ, ಮಣೆ, ರಂಗೋಲಿಯ ಗೆರೆ, ಎಲ್ಲ ನಿಮ್ಮ ಹಾಗೆಯೇ. ಮಹಾದೇವಕ್ಕ ಮಣೆಯ ಹತ್ತಿರ ಬಂದು ಮೇಲೆ ನೋಡಿ ಕೇಳಿದಳು: “ಮಾಸ್ತರ್ರ, ಹಗ್ಗ ಗಟ್ಟಿ ಐತಿಲ್ರಿ?”

ಕಟ್ಟೆಯ ಮೇಲೆ ಮುದುಕರಿದ್ದರು. ಬಾಗಿಲಲ್ಲಿ ಹೆಂಗಸರಿದ್ದರು. ಗಟ್ಟಿ ಇದೆ ಎಂದರೆ ಸಾಕಿತ್ತು. ನನ್ನ ಕಿವಿ ಬಿಸಿಯಾದವು. ಆದರೆ ನಿಮ್ಮ ಒಡೆದ ಬಳೆಗಳು ನೆನಪಾದವು, ವೈನಿ. ಧೋತರ ಎತ್ತಿ ಕಟ್ಟಿ, ಎರಡೂ ತುದಿ ಹಿಡಿದು, ಕಾಲೆತ್ತಿದೆ. ಓಣಿಯೆಲ್ಲ ನಕ್ಕಿತು. “ಅಯ್ಯಯ್ಯ, ನಮ್ಮ ಮಾಸ್ತರು ಬಾವಲಿ ಆದ್ರಲ್ರೋ!” ಎಂದು ಒಬ್ಬ ಮುದುಕ ಕೂಗಿದ. ನಾನು ಇಳಿಯಲಿಲ್ಲ. ನೀವು ತೂಗುತ್ತಿದ್ದಷ್ಟು ಹೊತ್ತು ತೂಗಿದೆ. ಆಮೇಲೆ ಮಹಾದೇವಕ್ಕ ಧೈರ್ಯವಾಗಿ ಕುಳಿತಳು. ನಾನು ಅವಳ ಕೈಯನ್ನು ನೋಡಲಿಲ್ಲ, ಮುಖವನ್ನು ನೋಡಿದೆ. ಹುಬ್ಬು ಗಂಟಿಕ್ಕಿದಾಗ ಸಾಕು ಎಂದೆ. ಕೈ ಭುಜದ ಮಟ್ಟಕ್ಕೆ ಬಂದಿತ್ತು. ಗೋಡೆಯ ಮೇಲೆ ಮೊದಲ ಗೆರೆ ಎಳೆದೆ. ತುರುಬಿಗೆ ಇನ್ನೂ ದೂರವಿದೆ, ಗೋಡೆಯೂ ಬೇಕಾದಷ್ಟಿದೆ.

“ಇದನ್ನೆಲ್ಲ ಯಾವ ಕಾಲೇಜಿನ್ಯಾಗ ಕಲತ್ರಿ ಮಾಸ್ತರ್ರ?” ಎಂದು ಅವಳು ಕೇಳಿದಳು. ಕಟ್ಟೆಯ ಮೇಲಿನ ಕಿವುಡ ಮುದುಕನಿಗೂ ಕೇಳುವಂತೆ ಹೇಳಿದೆ, ವೈನಿ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. “ದಾಂಡೇಲಿಯೊಳಗ ನಮ್ಮ ವೈನಿ ಅದಾರ್ರಿ. ಅವರು ಕಲಿಸಿದ್ರು.”

ಅವ್ವನಿಗೆ ನಮಸ್ಕಾರ ತಿಳಿಸಿರಿ. ಬಾಗಿಲ ಹಿಂದಿನ ಗೂಟಕ್ಕೆ ತೂಗಿದ ಆ ರಾಟೆಗೆ ಆಗಾಗ ಔಡಲೆಣ್ಣೆ ಬಿಡುತ್ತಿರಿ. ನಿಮ್ಮ ಕೈಯ ಹಸಿರು ಬಳೆಗಳು ಸದಾ ಗಲಗಲ ಎನ್ನುತ್ತಿರಲಿ.

ಇಂದು ಮೊದಲ ಸಲ ಜೋತುಬಿದ್ದ ನಿಮ್ಮ ಶಿಷ್ಯ,
ಪರಸಪ್ಪ